ಮೋಡದ ಒಳಹೊಕ್ಕ ವಿಮಾನ

ಮೋಡದಷ್ಟು ಮೆತ್ತನೆಯ ವಸ್ತು ಲೋಕದಲ್ಲಿ ಮತ್ತೊಂದಿಲ್ಲವೆಂದು ನಮಗೆ ತೋರುತ್ತದೆ. ನೆಲದ ಮೇಲೆ ನಿಂತು ನೋಡುವವರಿಗೆ ಅದು ಹಿಂಜಿದ ಅರಳೆಯ ರಾಶಿ. ಮುಂಜಾನೆ ನಂದಿಬೆಟ್ಟವನ್ನು ಹತ್ತಿದವರಿಗೆ ಅದು ಮುಖಕ್ಕೆ ತಗುಲಿ ಹಾದುಹೋಗುವ ತಂಪಾದ ಹೊಗೆ. ಗುಡುಗು ಮಿಂಚುಗಳನ್ನು ಹೊತ್ತ ಕಾರ್ಮುಗಿಲ ಮಾತು ಬೇರೆ. ಅದರ ಒಳಗಣ ಗಾಳಿಯ ಹೊಡೆತಕ್ಕೆ ದೊಡ್ಡ ವಿಮಾನಗಳೂ ಅಂಜುತ್ತವೆ. ನಾವು ಈಗ ಹೇಳಹೊರಟಿರುವುದು ಶಾಂತವಾದ, ಸಾಧಾರಣವಾದ, ಬೂದುಬಣ್ಣದ ಮೋಡವನ್ನು ಕುರಿತು. ಅದರಲ್ಲಿರುವುದು ಬಿಡಿಬಿಡಿಯಾಗಿ ಕಣ್ಣಿಗೆ ಕಾಣದಷ್ಟು ಸಣ್ಣವಾದ ನೀರಿನ ಹನಿಗಳು ಮಾತ್ರ. ಆದರೂ ಎಂಜಿನು ಸರಿಯಾಗಿ ಓಡುತ್ತಿರುವಾಗ, ರೆಕ್ಕೆಗಳು ಗಟ್ಟಿಯಾಗಿರುವಾಗ, ಇಂಧನವು ಬೇಕಾದಷ್ಟಿರುವಾಗ, ನಡೆಸುವವನು ಆರೋಗ್ಯವಂತನಾಗಿ ಎಚ್ಚರದಿಂದಿರುವಾಗ, ಸಣ್ಣ ವಿಮಾನವೊಂದು ಇಂಥ ಮೋಡದೊಳಕ್ಕೆ ಹೊಕ್ಕು ಕೆಲವೇ ನಿಮಿಷಗಳಲ್ಲಿ ನೆಲಕ್ಕೆ ಅಪ್ಪಳಿಸುವುದುಂಟು. ವಿಮಾನಯಾನದ ಆರಂಭದಿಂದ ಇಂದಿನವರೆಗೂ ಈ ಬಗೆಯ ಅಪಘಾತವು ನಿಂತಿಲ್ಲ. ಇದರ ಮುಖ್ಯ ಕಾರಣವು ಯಂತ್ರದಲ್ಲಿಲ್ಲ. ಮನುಷ್ಯನ ಕಿವಿಯಲ್ಲಿದೆ ಎಂದರೆ ಕೇಳುವವರಿಗೆ ಆಶ್ಚರ್ಯವಾಗಬಹುದು. ಅದು ಹೇಗೆಂಬುದನ್ನು ಬಿಡಿಸಿ ಹೇಳುವುದೇ ಈ ಭಾಷಣದ ಉದ್ದೇಶ.

ವಿಮಾನವನ್ನು ನಡೆಸುವ ಕ್ರಮಗಳು ಎರಡು. ಮೊದಲನೆಯದು ಕಣ್ಣನ್ನು ನಂಬಿ ನಡೆಸುವ ಕ್ರಮ. ವೈಮಾನಿಕನು ಕಿಟಕಿಯ ಹೊರಗೆ ನೋಡುತ್ತಾನೆ. ಭೂಮಿಯೂ ಆಕಾಶವೂ ಕೂಡುವ ದಿಗಂತದ ಗೆರೆ ಅವನಿಗೆ ಕಾಣುತ್ತದೆ. ಆ ಗೆರೆಗೆ ವಿಮಾನದ ಮೂತಿಯನ್ನೂ ರೆಕ್ಕೆಗಳನ್ನೂ ಹೊಂದಿಸಿಕೊಂಡು, ಕೆಳಗಿನ ಹೊಳೆ, ಕೆರೆ, ರೈಲುದಾರಿಗಳನ್ನು ಗುರುತಿಸುತ್ತ ಮುಂದೆ ಸಾಗುತ್ತಾನೆ. ಎರಡನೆಯದು ಯಂತ್ರಗಳನ್ನು ನಂಬಿ ನಡೆಸುವ ಕ್ರಮ. ಇಲ್ಲಿ ಹೊರಗಿನ ನೋಟವು ಇರಲಿ ಇಲ್ಲದಿರಲಿ, ತನ್ನ ಮುಂದಿನ ಫಲಕದಲ್ಲಿರುವ ಮುಳ್ಳುಗಳನ್ನು ಓದಿ, ವಿಮಾನವು ಯಾವ ಭಂಗಿಯಲ್ಲಿದೆ, ಏರುತ್ತಿದೆಯೇ ಇಳಿಯುತ್ತಿದೆಯೇ, ಯಾವ ದಿಕ್ಕಿಗೆ ಹೋಗುತ್ತಿದೆ ಎಂಬುದನ್ನು ವೈಮಾನಿಕನು ತಿಳಿಯುತ್ತಾನೆ. ಮೊದಲನೆಯ ಕ್ರಮದಲ್ಲಿ ಮಾತ್ರ ಪರವಾನಗಿ ಪಡೆದವರು ಮೋಡವನ್ನು ಹೊಗಕೂಡದೆಂಬುದು ಎಲ್ಲ ದೇಶಗಳ ನಿಯಮ. ಹತ್ತು ಸಾವಿರ ಅಡಿಗಳ ಕೆಳಗೆ, ನಿಲ್ದಾಣಗಳ ಸುತ್ತಣ ನಿಯಂತ್ರಿತ ಆಕಾಶದಲ್ಲಿ, ಇಂಥವರಿಗೆ ಮುಂದಣ ನೋಟವು ಕನಿಷ್ಠ 5 ಕಿಲೋಮೀಟರು ಇರಬೇಕು. ಮೋಡದಿಂದ ಅಡ್ಡಲಾಗಿ 1500 ಮೀಟರು, ಮೇಲೆ ಕೆಳಗೆ 300 ಮೀಟರು ದೂರವಿರಬೇಕು. ಇದು ಅಂತರರಾಷ್ಟ್ರೀಯವಾಗಿ ಒಪ್ಪಿರುವ ಮಿತಿ.

ಈ ನಿಯಮವನ್ನು ಕೇಳಿದೊಡನೆ ಸಾಮಾನ್ಯವಾಗಿ ಜನರಿಗೆ ತೋರುವ ಅರ್ಥವು ಹೀಗೆ: ಮೋಡದಲ್ಲಿ ಮುಂದೇನಿದೆಯೆಂದು ಕಾಣದು, ಬೆಟ್ಟಕ್ಕೆ ಡಿಕ್ಕಿ ಹೊಡೆಯಬಹುದು, ಇಲ್ಲವೆ ದಾರಿ ತಪ್ಪಬಹುದು, ಆದುದರಿಂದ ಹೋಗಬಾರದು. ಇದು ನಿಜವೇ ಆದರೂ ನಿಜದ ಅರ್ಧಭಾಗ ಮಾತ್ರ. ಸುತ್ತ ನೂರು ಮೈಲಿ ಬಯಲೇ ಇದ್ದರೂ, ದಾರಿಯ ಚಿಂತೆಯೇ ಇಲ್ಲದಿದ್ದರೂ, ಅಭ್ಯಾಸವಿಲ್ಲದವನು ಮೋಡದಲ್ಲಿ ವಿಮಾನವನ್ನು ಸಮನಾಗಿ ಹಿಡಿದಿರಲಾರನು. ಅವನು ಕಳೆದುಕೊಳ್ಳುವುದು ಊರ ದಾರಿಯನ್ನಲ್ಲ; ಮೇಲು ಯಾವುದು ಕೆಳಗು ಯಾವುದು ಎಂಬ ಅರಿವನ್ನು.

ಇದು ಹೇಗೆ ಸಾಧ್ಯ? ಕಣ್ಣು ಮುಚ್ಚಿಕೊಂಡು ಕುಳಿತರೂ ನಾವು ನೆಟ್ಟಗೆ ಕುಳಿತಿದ್ದೇವೆಯೇ ವಾಲಿದ್ದೇವೆಯೇ ಎಂಬುದು ನಮಗೆ ತಿಳಿಯುತ್ತದಲ್ಲವೆ? ತಿಳಿಯುತ್ತದೆ, ಆದರೆ ನೆಲದ ಮೇಲೆ ಮಾತ್ರ. ಈ ತಿಳಿವಳಿಕೆಯನ್ನು ಕೊಡುವ ಸಾಕ್ಷಿಗಳು ಮೂವರು. ಮೊದಲನೆಯದು ಕಣ್ಣು. ಎರಡನೆಯದು ಒಳಗಿವಿಯಲ್ಲಿರುವ ಒಂದು ಸೂಕ್ಷ್ಮವಾದ ಅಂಗ. ಮೂರನೆಯದು ಮೈಯ ಭಾರವನ್ನು ಬಲ್ಲ ಚರ್ಮ, ಮಾಂಸಖಂಡ, ಕೀಲುಗಳು. ಅಂದರೆ ಕುಳಿತ ಪೀಠವು ನಮ್ಮನ್ನು ಯಾವ ಕಡೆಯಿಂದ ಒತ್ತುತ್ತಿದೆ ಎಂಬ ಅರಿವು. ನೆಲದ ಮೇಲೆ ಈ ಮೂವರೂ ಒಂದೇ ಮಾತನ್ನಾಡುವುದರಿಂದ, ಯಾರ ಮಾತಿಗೆ ಎಷ್ಟು ಬೆಲೆಯೆಂದು ವಿಚಾರಿಸುವ ಅಗತ್ಯವೇ ನಮಗೆ ಬೀಳುವುದಿಲ್ಲ. ಆಕಾಶದಲ್ಲಿ ಕೊನೆಯ ಇಬ್ಬರು ಸುಳ್ಳು ಹೇಳತೊಡಗುತ್ತಾರೆ. ಕಣ್ಣೊಂದು ತೆರೆದು ದಿಗಂತವು ಕಾಣುತ್ತಿರುವವರೆಗೆ ಆ ಸುಳ್ಳು ನಮ್ಮನ್ನು ಮುಟ್ಟುವುದಿಲ್ಲ. ಮೋಡವು ಮಾಡುವ ಕೆಲಸವಿಷ್ಟೆ: ನಂಬತಕ್ಕ ಸಾಕ್ಷಿಯ ಬಾಯಿಯನ್ನು ಕಟ್ಟಿ, ಸುಳ್ಳು ಸಾಕ್ಷಿಗಳಿಬ್ಬರನ್ನು ಮಾತನಾಡಲು ಬಿಡುತ್ತದೆ.

ಒಳಗಿವಿಯ ಅಂಗವನ್ನು ಸ್ವಲ್ಪ ವಿವರವಾಗಿ ನೋಡೋಣ. ಪ್ರತಿಯೊಂದು ಕಿವಿಯಲ್ಲಿಯೂ ಅರ್ಧಚಂದ್ರಾಕೃತಿಯ ಮೂರು ಕೊಳವೆಗಳುಂಟು. ಕೋಣೆಯ ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಕೂಡುವಂತೆ ಅವು ಮೂರು ದಿಕ್ಕಿಗೆ ನಿಂತಿವೆ. ಅವುಗಳೊಳಗೆ ಒಂದು ದ್ರವವು ತುಂಬಿದೆ. ತಲೆಯು ತಿರುಗಿದಾಗ ಕೊಳವೆಯು ತಿರುಗುತ್ತದೆ, ದ್ರವವು ಹಿಂದೆ ಉಳಿಯುತ್ತದೆ. ಹಾಗೆ ಉಳಿದ ದ್ರವವು ಅಲ್ಲಿರುವ ಲೋಳೆಯ ಪರದೆಯೊಂದನ್ನು ಬಾಗಿಸಿ ಅದರಲ್ಲಿ ನೆಟ್ಟಿರುವ ಸೂಕ್ಷ್ಮವಾದ ರೋಮಗಳನ್ನು ಬಗ್ಗಿಸಲು, ‘ತಿರುಗುತ್ತಿದ್ದೇನೆ’ ಎಂಬ ಸುದ್ದಿಯು ಮಿದುಳಿಗೆ ಹೋಗುತ್ತದೆ. ಕಾಫಿಯ ಲೋಟವನ್ನು ಮೇಜಿನ ಮೇಲೆ ಮೆಲ್ಲಗೆ ತಿರುಗಿಸಿ ನೋಡಿದರೆ ಇದು ಅರ್ಥವಾಗುತ್ತದೆ. ಲೋಟವು ತಿರುಗಿದರೂ ಕಾಫಿಯು ಮೊದಲು ನಿಂತಲ್ಲಿಯೇ ನಿಲ್ಲುತ್ತದೆ. ಬಿಡದೆ ತಿರುಗಿಸುತ್ತಲೇ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಅದೂ ಲೋಟದ ಜೊತೆಗೆ ತಿರುಗತೊಡಗುತ್ತದೆ. ಲೋಟವನ್ನು ತಟ್ಟನೆ ನಿಲ್ಲಿಸಿದರೆ ಕಾಫಿಯು ಇನ್ನೂ ತಿರುಗುತ್ತಲೇ ಇರುತ್ತದೆ. ಕಿವಿಯಲ್ಲಿ ನಡೆಯುವುದೂ ಇದೇ. ಒಂದೇ ವೇಗದಿಂದ ಹತ್ತಿಪ್ಪತ್ತು ಸೆಕೆಂಡು ತಿರುಗುತ್ತಿದ್ದರೆ ದ್ರವವು ಕೊಳವೆಯ ಜೊತೆಗೂಡುತ್ತದೆ, ರೋಮಗಳು ನೆಟ್ಟಗಾಗುತ್ತವೆ, ‘ತಿರುಗು ನಿಂತಿತು’ ಎಂಬ ಸುದ್ದಿಯು ಹೋಗುತ್ತದೆ. ಮೈ ಮಾತ್ರ ತಿರುಗುತ್ತಲೇ ಇರುತ್ತದೆ. ನಿಜವಾಗಿ ತಿರುಗು ನಿಂತಾಗ, ‘ಹಿಂದುಮುಂದಾಗಿ ತಿರುಗುತ್ತಿದ್ದೇನೆ’ ಎಂಬ ಸುದ್ದಿಯು ಹೋಗುತ್ತದೆ. ಅಂಗಳದಲ್ಲಿ ಗಿರಗಿರನೆ ಸುತ್ತಿ ನಿಂತ ಮಕ್ಕಳು ತೂರಾಡಿ ಬೀಳುವುದು ಈ ಕಾರಣದಿಂದಲೇ.

ಇದರ ಜೊತೆಗೆ ಇನ್ನೊಂದು ಕೊರತೆಯುಂಟು. ತಿರುಗುವಿಕೆಯು ಬಹಳ ನಿಧಾನವಾಗಿದ್ದರೆ ಕಿವಿಗೆ ಅದು ಗೊತ್ತೇ ಆಗುವುದಿಲ್ಲ. ಸೆಕೆಂಡಿಗೆ ಸುಮಾರು 2 ಡಿಗ್ರಿಗಿಂತ ಕಡಮೆಯಾದ ವಾಲುವಿಕೆಯು ಸಾಮಾನ್ಯವಾಗಿ ಅರಿವಿಗೆ ಬಾರದು. ವಿಮಾನವು ಸೆಕೆಂಡಿಗೆ ಒಂದೇ ಡಿಗ್ರಿಯಂತೆ ಎಡಕ್ಕೆ ವಾಲಿದರೂ, ಅರ್ಧ ನಿಮಿಷದಲ್ಲಿ ಅದು 30 ಡಿಗ್ರಿ ವಾಲಿರುತ್ತದೆ. ನಕ್ಷೆಯನ್ನು ಮಡಿಸಿ ಇಡುವುದಕ್ಕೆ, ರೇಡಿಯೋವಿನ ಗುಂಡಿಯನ್ನು ತಿರುಗಿಸುವುದಕ್ಕೆ ಅಷ್ಟು ಹೊತ್ತು ಸಾಕು. ವೈಮಾನಿಕನಿಗಾದರೋ ತಾನು ನೆಟ್ಟಗೆ ಕುಳಿತಿದ್ದೇನೆಂಬ ನಂಬಿಕೆಯಲ್ಲಿ ಎಳ್ಳಷ್ಟೂ ಕೊರತೆಯಿರುವುದಿಲ್ಲ.

ಹೀಗೆ ವಾಲಿದರೆ ಮೈ ಒಂದು ಪಕ್ಕಕ್ಕೆ ಜಾರಬೇಡವೆ, ಮೂರನೆಯ ಸಾಕ್ಷಿಯಾದರೂ ಎಚ್ಚರಿಸಬೇಡವೆ ಎಂದು ಕೇಳಬಹುದು. ಇಲ್ಲಿ ವಿಮಾನದ ಗತಿಯ ಒಂದು ವಿಶೇಷವನ್ನು ತಿಳಿಯಬೇಕು. ನೀರು ತುಂಬಿದ ಚೆಂಬಿಗೆ ಹಗ್ಗ ಕಟ್ಟಿ ತಲೆಯ ಮೇಲೆ ಬೀಸಿ ತಿರುಗಿಸಿದರೆ, ಚೆಂಬು ಬೋರಲಾದ ಕ್ಷಣದಲ್ಲಿಯೂ ನೀರು ಚೆಲ್ಲುವುದಿಲ್ಲ; ಏಕೆಂದರೆ ವೃತ್ತವಾಗಿ ತಿರುಗುವ ವಸ್ತುವಿನೊಳಗೆ ನೀರು ಚೆಂಬಿನ ತಳಕ್ಕೇ ಒತ್ತಿಕೊಂಡಿರುತ್ತದೆ. ವಿಮಾನವು ವಾಲಿದಾಗ ನೇರವಾಗಿ ಹೋಗದೆ ಆ ಕಡೆಗೆ ವೃತ್ತವಾಗಿ ತಿರುಗುತ್ತದೆ. ಆಗ ಒಳಗಿರುವವರ ಭಾರವು ನಿಜವಾದ ಕೆಳಗಿಗೆ ಅಲ್ಲದೆ, ವಿಮಾನದ ನೆಲಗಟ್ಟಿನ ಕಡೆಗೇ ಬೀಳುತ್ತದೆ. ಪೀಠವು ಎಂದಿನಂತೆ ಕೆಳಗಿನಿಂದಲೇ ಒತ್ತುತ್ತದೆ. ಲೋಟದಲ್ಲಿಟ್ಟ ನೀರು ತುಳುಕುವುದಿಲ್ಲ. ಗಾರೆಯವರು ಗೋಡೆಗೆ ಹಿಡಿಯುವ ತೂಕದ ಗುಂಡನ್ನು ಅಲ್ಲಿ ಇಳಿಬಿಟ್ಟರೆ ಅದೂ ವಿಮಾನದ ನೆಲಕ್ಕೆ ನೆಟ್ಟಗೆ ನಿಂತು ಸುಳ್ಳು ಹೇಳುತ್ತದೆ. ಗುಂಡೇ ಮೋಸಹೋಗುವ ಕಡೆ ಮೈಯ ಮಾಂಸಖಂಡಗಳು ಹೇಗೆ ತಾನೆ ನಿಜವನ್ನು ತಿಳಿದಾವು?

ಇನ್ನು ಮುಂದೆ ಆಗುವುದನ್ನು ಕ್ರಮವಾಗಿ ಹೇಳುತ್ತೇವೆ. ವಾಲಿ ತಿರುಗುವ ವಿಮಾನದಲ್ಲಿ ರೆಕ್ಕೆಗಳ ಎತ್ತುವ ಶಕ್ತಿಯ ಒಂದು ಪಾಲು ಪಕ್ಕಕ್ಕೆ ವ್ಯಯವಾಗುವುದರಿಂದ ಮೂತಿಯು ತಗ್ಗುತ್ತದೆ, ಎತ್ತರವು ಇಳಿಯುತ್ತದೆ, ವೇಗವು ಏರುತ್ತದೆ. ಗಾಳಿಯ ಸದ್ದು ಹೆಚ್ಚುತ್ತದೆ. ಎತ್ತರವನ್ನು ತೋರಿಸುವ ಮುಳ್ಳು ಹಿಂದಕ್ಕೆ ಓಡುವುದನ್ನು ವೈಮಾನಿಕನು ನೋಡುತ್ತಾನೆ. ತಾನು ನೆಟ್ಟಗಿದ್ದೇನೆಂದೇ ನಂಬಿರುವ ಅವನು, ‘ಮೂತಿ ತಗ್ಗಿದೆ, ಎತ್ತಬೇಕು’ ಎಂದು ಚುಕ್ಕಾಣಿಯನ್ನು ತನ್ನ ಕಡೆಗೆ ಎಳೆಯುತ್ತಾನೆ. ನೆಟ್ಟಗಿರುವ ವಿಮಾನವು ಹಾಗೆ ಎಳೆದರೆ ಮೇಲೇರುತ್ತದೆ. ವಾಲಿರುವ ವಿಮಾನವು ಮೇಲೇರದೆ ಸುತ್ತನ್ನು ಇನ್ನೂ ಬಿಗಿಮಾಡಿಕೊಳ್ಳುತ್ತದೆ. ಇಳಿತವು ಹೆಚ್ಚಿತೆಂದು ಅವನು ಇನ್ನಷ್ಟು ಬಲವಾಗಿ ಎಳೆಯುತ್ತಾನೆ. ನೀರಿನ ಸುಳಿಯಲ್ಲಿ ಸಿಕ್ಕ ಎಲೆಯಂತೆ ವಿಮಾನವು ಒಳಸುತ್ತಾಗಿ ಕೆಳಗಿಳಿಯುತ್ತದೆ. ಕೊನೆಗೆ ಅತಿವೇಗದ ಒತ್ತಡಕ್ಕೆ ರೆಕ್ಕೆಗಳು ಮುರಿಯುತ್ತವೆ, ಇಲ್ಲವೆ ನೆಲವು ಎದುರಾಗುತ್ತದೆ. ವೈಮಾನಿಕರು ಇದನ್ನು ಸ್ಮಶಾನದ ಸುಳಿ ಎಂದು ಕರೆಯುವುದುಂಟು. ನಡೆಸುವವನು ಇಲ್ಲಿ ಸುಮ್ಮನೆ ಕುಳಿತು ಸಾಯುವುದಿಲ್ಲವೆಂಬುದು ಗಮನಿಸತಕ್ಕ ವಿಷಯ. ತನ್ನನ್ನು ಉಳಿಸಿಕೊಳ್ಳುವುದಕ್ಕಾಗಿ ಪ್ರಾಮಾಣಿಕವಾಗಿ ಮಾಡುವ ಪ್ರಯತ್ನವೇ ಅವನನ್ನು ಕೊಲ್ಲುತ್ತದೆ.

ಒಂದು ವೇಳೆ ಅವನು ಫಲಕವನ್ನು ನೋಡಿ ವಾಲಿಕೆಯನ್ನು ಸರಿಪಡಿಸಿದನೆಂದೇ ಇಟ್ಟುಕೊಳ್ಳೋಣ. ಎಡಕ್ಕೆ ತಿರುಗುತ್ತಿದ್ದ ವಿಮಾನವು ನೇರವಾದೊಡನೆ ಅವನ ಕಿವಿಯು, ‘ಬಲಕ್ಕೆ ಬೀಳುತ್ತಿದ್ದೀಯೆ’ ಎಂದು ಕೂಗುತ್ತದೆ. ಆ ಕೂಗು ಸಾಧಾರಣವಾದುದಲ್ಲ. ತಲೆ ಸುತ್ತುತ್ತದೆ, ಮೈಯೆಲ್ಲ ಒಂದು ಪಕ್ಕಕ್ಕೆ ಎಳೆದಂತಾಗುತ್ತದೆ. ಅಭ್ಯಾಸವಿಲ್ಲದವನ ಕೈ ಆ ಕೂಗಿಗೆ ಮಣಿದು ವಿಮಾನವನ್ನು ಮತ್ತೆ ಎಡಕ್ಕೆ ವಾಲಿಸುತ್ತದೆ. ಆಗ ಮಾತ್ರ ಅವನಿಗೆ ಹಾಯೆನಿಸುತ್ತದೆ. ನೇರವಾದುದು ಓರೆಯೆಂದೂ ಓರೆಯಾದುದು ನೇರವೆಂದೂ ತೋರುವ ಈ ಸ್ಥಿತಿಯಲ್ಲಿ ಯಂತ್ರದ ಮುಳ್ಳನ್ನು ನಂಬುವುದು ಬುದ್ಧಿಯ ಕೆಲಸ ಮಾತ್ರವಲ್ಲ. ಅದು ನಿಗ್ರಹದ ಕೆಲಸ.

ವಿಮಾನಯಾನದ ಮೊದಲ ದಿನಗಳಲ್ಲಿ ಈ ಸಂಗತಿಯು ಯಾರಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ. ಒಳ್ಳೆಯ ವೈಮಾನಿಕನಿಗೆ ಹಕ್ಕಿಯಂತೆ ಹುಟ್ಟರಿವು ಇರುತ್ತದೆ, ಕುಳಿತ ಪೀಠದ ಒತ್ತಡದಿಂದಲೇ ಅವನು ಎಲ್ಲವನ್ನೂ ತಿಳಿಯಬಲ್ಲನು ಎಂಬ ನಂಬಿಕೆಯಿತ್ತು. 1919ನೆಯ ಇಸವಿ ಜೂನ್ 14 ಮತ್ತು 15ರಂದು ಆಲ್ಕಾಕ್ ಮತ್ತು ಬ್ರೌನ್ ಎಂಬಿಬ್ಬರು ಅಟ್ಲಾಂಟಿಕ್ ಸಾಗರವನ್ನು ಎಲ್ಲಿಯೂ ಇಳಿಯದೆ ಮೊದಲ ಬಾರಿಗೆ ವಿಮಾನದಲ್ಲಿ ದಾಟಿದರು. ನಡುದಾರಿಯಲ್ಲಿ ಅವರ ವಿಮಾನವು ದಟ್ಟವಾದ ಮೋಡವನ್ನು ಹೊಕ್ಕಿತು. ದಿಗಂತವು ಮರೆಯಾದೊಡನೆ ವಿಮಾನವು ಕೈತಪ್ಪಿ ಸುತ್ತುತ್ತ ಕೆಳಗಿಳಿಯಿತು. ಮೋಡದ ತಳವನ್ನು ದಾಟಿ ಹೊರಬಿದ್ದಾಗ ಸಾಗರವು ಕೇವಲ ನೂರು ಅಡಿಯಷ್ಟು ಸಮೀಪದಲ್ಲಿತ್ತು. ಅದೂ ನೆಟ್ಟಗೆ ಕಾಣದೆ ಪಕ್ಕಕ್ಕೆ ಓರೆಯಾಗಿ ನಿಂತಂತೆ ಕಂಡಿತು. ಕಣ್ಣಿಗೆ ಒಂದು ಗೆರೆ ಸಿಕ್ಕಿದುದೇ ತಡ, ಆಲ್ಕಾಕನು ವಿಮಾನವನ್ನು ನೇರಮಾಡಿದನು. ಆ ದಿನ ಮೋಡವು ಇನ್ನು ನೂರಡಿ ಕೆಳಗಿದ್ದಿದ್ದರೆ ಚರಿತ್ರೆಯು ಅವರ ಹೆಸರನ್ನು ಬೇರೆ ರೀತಿಯಲ್ಲಿ ನೆನೆಯುತ್ತಿತ್ತು.

ಈ ರಹಸ್ಯವನ್ನು ಬಯಲಿಗೆಳೆದವರಲ್ಲಿ ಮುಖ್ಯನಾದವನು ಅಮೆರಿಕದ ಸೈನ್ಯದ ವೈಮಾನಿಕನಾದ ವಿಲಿಯಂ ಆಕರ್. 1926ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಕ್ರಿಸ್ಸಿ ಫೀಲ್ಡಿನಲ್ಲಿ ಡಾಕ್ಟರ್ ಡೇವಿಡ್ ಮೈಯರ್ಸ್ ಎಂಬ ವೈದ್ಯನು ಅವನ ಕಣ್ಣು ಕಟ್ಟಿ ತಿರುಗುವ ಕುರ್ಚಿಯಲ್ಲಿ ಕೂರಿಸಿ ಪರೀಕ್ಷಿಸಿದನು. ಒಳಗಿವಿಯ ಸಂಶೋಧನೆಗಾಗಿ 1914ರ ನೊಬೆಲ್ ಬಹುಮಾನವನ್ನು ಪಡೆದ ರಾಬರ್ಟ್ ಬಾರಾನಿಯ ಹೆಸರಿನ ಕುರ್ಚಿ ಅದು. ಕುರ್ಚಿಯ ವೇಗವು ತಗ್ಗಿದಾಗ ತಾನು ಎದುರು ದಿಕ್ಕಿಗೆ ತಿರುಗುತ್ತಿದ್ದೇನೆಂದು ಅನುಭವಶಾಲಿಯಾದ ಆಕರನು ಹೇಳಿದನು. ತನ್ನ ತಪ್ಪು ತಿಳಿದಾಗ ಅವನು ಅವಮಾನಪಡದೆ ಯೋಚನೆಗೆ ತೊಡಗಿದನು. ತಿರುವನ್ನು ತೋರಿಸುವ ಒಂದು ಯಂತ್ರವನ್ನು ಪೆಟ್ಟಿಗೆಯೊಳಗಿಟ್ಟು, ಅದನ್ನು ಮಾತ್ರ ಇಣಿಕಿ ನೋಡುತ್ತ ಮತ್ತೆ ಕುರ್ಚಿಯಲ್ಲಿ ಕುಳಿತನು; ಈ ಬಾರಿ ಅವನ ಉತ್ತರಗಳು ತಪ್ಪಲಿಲ್ಲ. ಹುಟ್ಟರಿವಿನ ನಂಬಿಕೆಗೆ ಆ ಪೆಟ್ಟಿಗೆಯೇ ಉತ್ತರವಾಯಿತು.

ಈ ಯಂತ್ರಗಳ ಮೂಲತತ್ತ್ವವು ನಮ್ಮ ಮಕ್ಕಳ ಬುಗುರಿಯಲ್ಲಿದೆ. ವೇಗವಾಗಿ ತಿರುಗುವ ಬುಗುರಿಯು ತನ್ನ ಅಕ್ಷವನ್ನು ಸುಲಭವಾಗಿ ಬದಲಿಸಗೊಡದು. ಅಂಥದೊಂದು ಚಕ್ರವನ್ನು ಎಲ್ಲ ಕಡೆಗೂ ತಿರುಗಬಲ್ಲ ಚೌಕಟ್ಟಿನಲ್ಲಿ ಕೂರಿಸಿದರೆ, ವಿಮಾನವು ಎತ್ತ ವಾಲಿದರೂ ಚಕ್ರವು ತನ್ನ ನೆಲೆಯಲ್ಲಿಯೇ ನಿಲ್ಲುತ್ತದೆ. ಅದಕ್ಕೆ ಒಂದು ಗೆರೆಯನ್ನು ಜೋಡಿಸಿದರೆ ಮೋಡದೊಳಗೂ ಕಾಣುವ ಕೃತಕ ದಿಗಂತವು ಸಿದ್ಧವಾಯಿತು. 1929ನೆಯ ಇಸವಿ ಸೆಪ್ಟೆಂಬರ್ 24ರಂದು ನ್ಯೂಯಾರ್ಕಿನ ಬಳಿಯ ಮಿಚೆಲ್ ಫೀಲ್ಡಿನಲ್ಲಿ ಜೇಮ್ಸ್ ಡೂಲಿಟಲ್ ಎಂಬ ವೈಮಾನಿಕನು, ಹೊರಗಿನದೇನೂ ಕಾಣದಂತೆ ಮುಚ್ಚಿದ ಆಸನದಲ್ಲಿ ಕುಳಿತು, ಇಂಥ ಯಂತ್ರಗಳ ಸಹಾಯದಿಂದಲೇ ವಿಮಾನವನ್ನು ಏರಿಸಿ, ತಿರುಗಿಸಿ, ಮತ್ತೆ ನೆಲಕ್ಕಿಳಿಸಿ ತೋರಿಸಿದನು. ಅಪಾಯವಾದರೆ ಕೈಹಿಡಿಯಲೆಂದು ಬೆಂಜಮಿನ್ ಕೆಲ್ಸಿ ಎಂಬ ಮತ್ತೊಬ್ಬ ವೈಮಾನಿಕನು ಜೊತೆಯಲ್ಲಿದ್ದರೂ ಅವನು ಏನನ್ನೂ ಮುಟ್ಟಬೇಕಾಗಲಿಲ್ಲ. ಇಂದು ನಾವು ಕುಳಿತು ಹೋಗುವ ದೊಡ್ಡ ವಿಮಾನಗಳು ಮುಂಗಾರಿನ ಮೋಡಗಳ ನಡುವೆ ನಿರಾತಂಕವಾಗಿ ಸಾಗುವುದು ಈ ಪ್ರಯೋಗದ ಫಲವೆನ್ನಬೇಕು.

ಯಂತ್ರವು ಬಂದಿತು, ಆದರೆ ಅದನ್ನು ನಂಬುವ ಅಭ್ಯಾಸವು ಯಂತ್ರದ ಜೊತೆಯಲ್ಲಿಯೇ ಬರುವುದಿಲ್ಲ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇದನ್ನು ಅಳೆದು ನೋಡಿದರು. ಯಂತ್ರವಿಧಾನದ ಶಿಕ್ಷಣವಿಲ್ಲದ 20 ಮಂದಿ ವೈಮಾನಿಕರನ್ನು ಆರಿಸಿ, ಪಕ್ಕದಲ್ಲಿ ಶಿಕ್ಷಕನನ್ನು ಕೂರಿಸಿ, ಹಾರಾಟದ ನಡುವೆ ಅವರಿಗೆ ಹೊರಗಿನ ನೋಟವನ್ನು ಮರೆಮಾಡಿದರು. ಫಲಕದ ಕೆಲವು ಯಂತ್ರಗಳು ಅವರ ಕಣ್ಣೆದುರಿಗೇ ಇದ್ದುವು. ಇಪ್ಪತ್ತು ಮಂದಿಯಲ್ಲಿ ಒಬ್ಬನೂ ವಿಮಾನವನ್ನು ಹಿಡಿತದಲ್ಲಿ ಉಳಿಸಿಕೊಳ್ಳಲಿಲ್ಲ. ಹತ್ತೊಂಬತ್ತು ಮಂದಿ ನಾವು ಮೇಲೆ ಹೇಳಿದ ಸುಳಿಗೆ ಬಿದ್ದರು; ಉಳಿದೊಬ್ಬನು ಮೂತಿಯನ್ನು ಅತಿಯಾಗಿ ಎತ್ತಿ ವೇಗವನ್ನು ಕಳೆದುಕೊಂಡನು. ಎಲ್ಲರಿಗಿಂತ ಮೊದಲು ಕೈತಪ್ಪಿದವನಿಗೆ 20 ಸೆಕೆಂಡು, ಎಲ್ಲರಿಗಿಂತ ಹೆಚ್ಚು ತಾಳಿದವನಿಗೆ 480 ಸೆಕೆಂಡು; ಸರಾಸರಿಯು 178 ಸೆಕೆಂಡು, ಅಂದರೆ ಮೂರು ನಿಮಿಷಕ್ಕೆ ಎರಡು ಸೆಕೆಂಡು ಕಡಮೆ. ಪ್ರಯೋಗವಾದುದರಿಂದ ಶಿಕ್ಷಕನು ಕೈಹಾಕಿ ಉಳಿಸಿದನು. ನಿಜವಾದ ಮೋಡದಲ್ಲಿ ಒಬ್ಬಂಟಿಯಾಗಿ ಹೋದವನಿಗೆ ಅಂಥ ಶಿಕ್ಷಕನಿಲ್ಲ.

ಇದೇ ಸಂಗತಿಯನ್ನು ಲೋಕಪ್ರಸಿದ್ಧರ ಮರಣಗಳು ಮತ್ತೆ ಮತ್ತೆ ನೆನಪಿಗೆ ತಂದಿವೆ. 1959ನೆಯ ಇಸವಿ ಫೆಬ್ರವರಿ 3ರ ನಡುರಾತ್ರಿ ಕಳೆದು ಸುಮಾರು ಒಂದು ಗಂಟೆಯ ಹೊತ್ತಿಗೆ, ಅಮೆರಿಕದ ಅಯೋವಾ ಪ್ರಾಂತ್ಯದ ಮೇಸನ್ ಸಿಟಿಯಿಂದ ಒಂದು ಸಣ್ಣ ವಿಮಾನವು ಹೊರಟಿತು. ಅದರಲ್ಲಿದ್ದವರು ಬಡ್ಡಿ ಹಾಲಿ, ರಿಚಿ ವ್ಯಾಲೆನ್ಸ್, ಜೆ. ಪಿ. ರಿಚರ್ಡ್‌ಸನ್ ಎಂಬ ಮೂವರು ಗಾಯಕರು. ನಡೆಸಿದ 21 ವರ್ಷದ ತರುಣನು ಯಂತ್ರವಿಧಾನದ ಪರವಾನಗಿಯನ್ನು ಪಡೆದಿರಲಿಲ್ಲ. ಹಿಮ ಬೀಳುತ್ತಿದ್ದ, ನಕ್ಷತ್ರವಿಲ್ಲದ, ಕೆಳಗೆ ದೀಪಗಳೂ ವಿರಳವಾದ ರಾತ್ರಿ, ದಿಗಂತವೇ ಇಲ್ಲ. ಆ ವಿಮಾನದ ಭಂಗಿಸೂಚಕ ಯಂತ್ರವೋ ಹಳೆಯ ಮಾದರಿಯದು. ಮೂತಿಯ ಏರಿಳಿತವನ್ನು ಅದು ಸಾಮಾನ್ಯ ಯಂತ್ರಗಳಿಗೆ ವಿರುದ್ಧವಾದ ರೀತಿಯಲ್ಲಿ ತೋರಿಸುತ್ತಿತ್ತು. ಕೆಲವೇ ಮೈಲಿಗಳ ದೂರದಲ್ಲಿ ವಿಮಾನವು ಬಲಕ್ಕೆ ವಾಲಿ, ವೇಗದಿಂದ ಹೊಲವೊಂದಕ್ಕೆ ಬಡಿಯಿತು. ಮುಂದಿನ ಹವೆಯ ಎಚ್ಚರಿಕೆಗಳು ವೈಮಾನಿಕನಿಗೆ ಪೂರ್ಣವಾಗಿ ಮುಟ್ಟಿರಲಿಲ್ಲವೆಂದು ವಿಚಾರಣೆಯಲ್ಲಿ ತಿಳಿದುಬಂದಿತು.

1999ನೆಯ ಇಸವಿ ಜುಲೈ 16ರ ರಾತ್ರಿ, ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನೆಡಿಯವರ ಮಗ, ಅದೇ ಹೆಸರಿನ 38 ವರ್ಷದ ಗೃಹಸ್ಥ, ತನ್ನ ಪತ್ನಿಯನ್ನೂ ಆಕೆಯ ಅಕ್ಕನನ್ನೂ ಕೂರಿಸಿಕೊಂಡು ನ್ಯೂ ಜೆರ್ಸಿಯಿಂದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪಕ್ಕೆ ತಾನೇ ವಿಮಾನವನ್ನು ನಡೆಸಿಕೊಂಡು ಹೊರಟನು. ಅವನಿಗೆ ಸುಮಾರು 310 ಗಂಟೆಗಳ ಅನುಭವವಿತ್ತು. ಯಂತ್ರವಿಧಾನದ ಶಿಕ್ಷಣವು ನಡೆಯುತ್ತಿತ್ತೇ ಹೊರತು ಮುಗಿದಿರಲಿಲ್ಲ. ಇಲ್ಲಿ ಮೋಡವೂ ಇರಲಿಲ್ಲ. ಕಪ್ಪಾದ ಸಮುದ್ರ, ಕಪ್ಪಾದ ಆಕಾಶ, ನಡುವೆ ತೆಳುವಾದ ಮಬ್ಬು. ಅದೇ ರಾತ್ರಿ ಆ ಕಡೆ ಹಾರಿದ ಮತ್ತೊಬ್ಬ ವೈಮಾನಿಕನು, ದ್ವೀಪದ ದೀಪಗಳೊಂದೂ ಕಾಣದಿರಲು ಅಲ್ಲಿ ವಿದ್ಯುತ್ತು ನಿಂತುಹೋಗಿರಬಹುದೆಂದು ಭಾವಿಸಿದ್ದನು. ಕೆನೆಡಿಯ ವಿಮಾನವು ಬಲಕ್ಕೆ ತಿರುಗುತ್ತ, ಕೊನೆಗೆ ನಿಮಿಷಕ್ಕೆ 4,700 ಅಡಿಗೂ ಮೀರಿದ ವೇಗದಲ್ಲಿ ಇಳಿದು ಸಮುದ್ರಕ್ಕೆ ಬಿತ್ತು. ಯಂತ್ರದಲ್ಲಿ ಯಾವ ದೋಷವೂ ಕಾಣಲಿಲ್ಲ. ದಿಕ್ಕುದೆಸೆಯ ಭ್ರಮೆಯಿಂದ ಹಿಡಿತವು ತಪ್ಪಿತೆಂಬುದೇ ವಿಚಾರಣೆಯ ತೀರ್ಮಾನ. ದಿಗಂತವು ಮರೆಯಾದರೆ ಸಾಕು, ಮೋಡವೇ ಬೇಕೆಂದಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

2020ನೆಯ ಇಸವಿ ಜನವರಿ 26ರಂದು ಲಾಸ್ ಏಂಜಲೀಸ್ ಬಳಿಯ ಕ್ಯಾಲಬಾಸಸ್ ಗುಡ್ಡಗಳಲ್ಲಿ ಬ್ಯಾಸ್ಕೆಟ್ ಬಾಲ್ ಆಟಗಾರ ಕೋಬಿ ಬ್ರಯಂಟ್, ಆತನ 13 ವರ್ಷದ ಮಗಳು, ಮತ್ತೆ ಏಳು ಮಂದಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಚಾಲಕನು ಅನುಭವಿ, ಆದರೆ ಆ ಹಾರಾಟಕ್ಕೆ ಅನುಮತಿಯಿದ್ದುದು ಕಣ್ಣಿನ ಕ್ರಮಕ್ಕೆ ಮಾತ್ರ. ಮುಂದೆ ಮೋಡ ಕವಿದಿದ್ದರೂ ಹಾರಾಟವನ್ನು ಮುಂದುವರಿಸಿದುದೇ ಕಾರಣವೆಂದು 2021ರಲ್ಲಿ ತೀರ್ಮಾನವಾಯಿತು. ನಾಲ್ಕು ಸಾವಿರ ಅಡಿಗೆ ಏರುತ್ತಿದ್ದೇನೆಂದು ಅವನು ರೇಡಿಯೋವಿನಲ್ಲಿ ಹೇಳುತ್ತಿದ್ದಾಗ ಹೆಲಿಕಾಪ್ಟರು ಎಡಕ್ಕೆ ವಾಲಿ ವೇಗವಾಗಿ ಇಳಿಯುತ್ತಿತ್ತು. ಅವನು ಸುಳ್ಳು ಹೇಳಲಿಲ್ಲ. ಅವನ ಮೈ ಅವನಿಗೆ ಹೇಳಿದುದನ್ನೇ ಹೇಳಿದನು. ನಮ್ಮ ದೇಶದಲ್ಲಿ 2021ನೆಯ ಇಸವಿ ಡಿಸೆಂಬರ್ 8ರಂದು, ಸೂಲೂರಿನಿಂದ ವೆಲಿಂಗ್ಟನ್ನಿಗೆ ಹೊರಟಿದ್ದ ವಾಯುಸೇನೆಯ ಹೆಲಿಕಾಪ್ಟರು ನೀಲಗಿರಿಯ ಕೂನೂರಿನ ಬಳಿ ಬಿದ್ದು ಜನರಲ್ ಬಿಪಿನ್ ರಾವತರೇ ಮೊದಲಾದ 14 ಮಂದಿ ಅಸುನೀಗಿದರು. ಕಣಿವೆಯ ಹವೆಯು ಅನಿರೀಕ್ಷಿತವಾಗಿ ಬದಲಾಗಿ ಮೋಡದೊಳಕ್ಕೆ ಹೊಕ್ಕುದರಿಂದ ಚಾಲಕನಿಗೆ ದಿಕ್ಕುದೆಸೆಯ ಭ್ರಮೆಯುಂಟಾಯಿತೆಂದು ಸೇನೆಯ ವಿಚಾರಣಾ ಮಂಡಲಿಯು 2022ರ ಜನವರಿಯಲ್ಲಿ ತಿಳಿಸಿತು. ಅದು ಸಣ್ಣ ವಿಮಾನವೂ ಅಲ್ಲ, ನಡೆಸಿದವರು ಅನನುಭವಿಗಳೂ ಅಲ್ಲ. ಪರಿಣತನ ಕಿವಿಯೂ ಕಿವಿಯೇ ಎಂಬುದಕ್ಕೆ ಇದಕ್ಕಿಂತ ದುಃಖಕರವಾದ ನಿದರ್ಶನವು ಬೇಡ.

ಇಷ್ಟೆಲ್ಲ ತಿಳಿದಿದ್ದರೂ ಜನರು ಮೋಡವನ್ನು ಏಕೆ ಹೊಗುತ್ತಾರೆ? ಮೊದಲನೆಯ ಕಾರಣ, ಮೋಡವು ಗೋಡೆಯಂತೆ ಎದುರು ನಿಲ್ಲುವುದಿಲ್ಲ. ಅದು ಹಂತಹಂತವಾಗಿ ಬರುತ್ತದೆ. ಮೊದಲು ದೂರದ ಬೆಟ್ಟವು ಮಸುಕಾಗುತ್ತದೆ. ಬಳಿಕ ಮೇಲಿನ ಮೋಡವು ಸ್ವಲ್ಪ ತಗ್ಗುತ್ತದೆ, ವೈಮಾನಿಕನೂ ಸ್ವಲ್ಪ ತಗ್ಗುತ್ತಾನೆ. ಬಳಿಕ ಇನ್ನೂ ಸ್ವಲ್ಪ. ಪ್ರತಿಯೊಂದು ಹೆಜ್ಜೆಯೂ ಹಿಂದಿನದಕ್ಕಿಂತ ಅಷ್ಟೇನೂ ಕೆಟ್ಟದಾಗಿ ತೋರುವುದಿಲ್ಲ. ಎರಡನೆಯ ಕಾರಣ, ಊರು ಹತ್ತಿರವಾದಷ್ಟೂ ಹಿಂದಿರುಗುವ ಮನಸ್ಸು ಕುಗ್ಗುತ್ತದೆ. ಅಲ್ಲಿ ಮದುವೆ ಕಾದಿದೆ, ಸಭೆ ಕಾದಿದೆ. ಪಕ್ಕದಲ್ಲಿ ಕುಳಿತವರು ಗಡಿಯಾರವನ್ನು ನೋಡುತ್ತಿದ್ದಾರೆ. ಇಷ್ಟು ದೂರ ಬಂದು ಹಿಂದಿರುಗಿದರೆ ಅಂಜುಬುರುಕನೆನಿಸಿಕೊಳ್ಳುವೆನೆಂಬ ಸಂಕೋಚವೂ ಉಂಟು. ಮೂರನೆಯದು, ಹಿಂದೊಮ್ಮೆ ಹೀಗೆಯೇ ಹೋಗಿ ಮೋಡದ ಆಚೆ ಬಿಸಿಲನ್ನು ಕಂಡ ನೆನಪು. ಅದೃಷ್ಟವನ್ನು ಅನುಭವವೆಂದು ತಿಳಿಯುವುದಕ್ಕಿಂತ ದೊಡ್ಡ ಅಪಾಯವು ಈ ವೃತ್ತಿಯಲ್ಲಿಲ್ಲ. ವಿಮಾನಗಳ ಬೇರೆ ಬಗೆಯ ಸಣ್ಣಪುಟ್ಟ ಅಪಘಾತಗಳಲ್ಲಿ ಜನರು ಉಳಿಯುವುದೇ ಹೆಚ್ಚು. ಮೋಡದೊಳಗಣ ಅಪಘಾತದಲ್ಲಿ ಉಳಿದು ಬಂದು ಬುದ್ಧಿಹೇಳುವವರು ವಿರಳ.

ಪರಿಹಾರವಿಲ್ಲದೆ ಇಲ್ಲ. ಎಲ್ಲಕ್ಕಿಂತ ಮೇಲಾದುದು, ಇನ್ನೂ ದಿಗಂತವು ಕಾಣುತ್ತಿರುವಾಗಲೇ ಹಿಂದಿರುಗುವುದು ಅಥವಾ ಹತ್ತಿರದ ನಿಲ್ದಾಣದಲ್ಲಿ ಇಳಿಯುವುದು. ಆ ನಿರ್ಧಾರವನ್ನು ಆಕಾಶದಲ್ಲಿ ಮಾಡಹೊರಟರೆ ಮೇಲೆ ಹೇಳಿದ ಆಕರ್ಷಣೆಗಳೆಲ್ಲ ಅಡ್ಡಬರುತ್ತವೆ. ಆದುದರಿಂದ, ‘ಮೋಡವು ಇಷ್ಟು ಅಡಿಗಿಂತ ಕೆಳಗಿಳಿದರೆ ಹಿಂದಿರುಗುತ್ತೇನೆ’ ಎಂದು ನೆಲದ ಮೇಲೆಯೇ ನಿಶ್ಚಯಿಸಿಕೊಂಡು ಏರುವುದು ವಿವೇಕಿಗಳ ಪದ್ಧತಿ. ಒಂದು ವೇಳೆ ಒಳಹೊಕ್ಕುಬಿಟ್ಟರೆ, ಕಿಟಕಿಯನ್ನು ಮರೆತು ಫಲಕವನ್ನೇ ನೋಡಬೇಕು. ಮೊದಲು ರೆಕ್ಕೆಗಳನ್ನು ಸಮಮಾಡಬೇಕು. ಬಳಿಕ ಬಹಳ ಕಡಮೆ ವಾಲಿಕೆಯಿಂದ ನಿಧಾನವಾಗಿ ಬಂದ ದಾರಿಗೇ ತಿರುಗಬೇಕು. ಸಂಕೋಚವಿಲ್ಲದೆ ರೇಡಿಯೋವಿನಲ್ಲಿ ಸಹಾಯವನ್ನು ಕೇಳಬೇಕು. ಸ್ವಯಂಚಾಲಕ ಯಂತ್ರವಿದ್ದರೆ ಅದಕ್ಕೆ ವಿಮಾನವನ್ನು ಒಪ್ಪಿಸಬಹುದು. ಇಲಿನಾಯ್ ಪ್ರಯೋಗದ ಉದ್ದೇಶವೂ ಇಂಥದೊಂದು ಹಿಂದಿರುಗುವ ಕ್ರಮವನ್ನು ಕಲಿಸುವುದೇ ಆಗಿದ್ದಿತು. ಅದರಲ್ಲಿ ಹೇಳಿಕೊಟ್ಟ ಒಂದು ಅಂಶವು ಸ್ವಾರಸ್ಯವಾದುದು: ಎಂಜಿನಿನ ಶಕ್ತಿಯನ್ನು ತಗ್ಗಿಸಿ, ಕೈಗಳನ್ನು ಚುಕ್ಕಾಣಿಯಿಂದ ಪೂರ್ತಿಯಾಗಿ ತೆಗೆದು, ಪಾದಗಳಿಂದ ಒತ್ತುವ ಪೆಡಲುಗಳಿಂದಲೇ ಮೆಲ್ಲಗೆ ತಿರುಗಿಸುವುದು. ಕೈಗಳು ಸುಳ್ಳು ಸಾಕ್ಷಿಗಳ ಮಾತನ್ನು ಕೇಳುತ್ತವೆಂದು ಅವುಗಳಿಗೆ ಕೆಲಸವನ್ನೇ ತಪ್ಪಿಸಿದರು. ಕೆಲವೇ ಗಂಟೆಗಳ ಶಿಕ್ಷಣವಾದ ಮೇಲೆ ಅದೇ ವೈಮಾನಿಕರು ಬಹುಮಟ್ಟಿಗೆ ಎಲ್ಲ ಸಲವೂ ಸುರಕ್ಷಿತವಾಗಿ ಹಿಂದಿರುಗಿದರು.

ಕಿವಿಯನ್ನು ತಿದ್ದುವ ಶಿಕ್ಷಣವು ಯಾವುದೂ ಇಲ್ಲ. ಎಷ್ಟು ಸಾವಿರ ಗಂಟೆ ಹಾರಿದರೂ ಭ್ರಮೆಯು ಬರುವುದು ತಪ್ಪದು. ಬಂದಾಗ ಅದನ್ನು ಭ್ರಮೆಯೆಂದು ಗುರುತಿಸಿ ಅದಕ್ಕೆ ಕೈಕೊಡದಿರುವುದನ್ನು ಮಾತ್ರ ಕಲಿಯಬಹುದು. ಬೆಂಗಳೂರಿನಲ್ಲಿ 1957ರಲ್ಲಿ ಸ್ಥಾಪಿತವಾದ ವಾಯುಸೇನೆಯ ವೈಮಾನಿಕ ವೈದ್ಯಶಾಸ್ತ್ರದ ಸಂಸ್ಥೆಯಲ್ಲಿ ಇದಕ್ಕಾಗಿಯೇ ಯಂತ್ರವುಂಟು. ತರುಣ ವೈಮಾನಿಕರನ್ನು ಅದರಲ್ಲಿ ಕೂರಿಸಿ, ನೆಲವನ್ನು ಬಿಡದೆಯೇ ಈ ಭ್ರಮೆಗಳನ್ನು ಅವರಿಗೆ ಉಂಟುಮಾಡಿ ತೋರಿಸುತ್ತಾರೆ. ತನ್ನ ಮೈ ತನಗೆ ಎಷ್ಟು ಧೈರ್ಯವಾಗಿ ಸುಳ್ಳು ಹೇಳಬಲ್ಲುದೆಂಬುದನ್ನು ಒಮ್ಮೆ ಕಂಡವನು, ಅದರ ಮಾತನ್ನು ಮತ್ತೆ ಅಷ್ಟು ಸುಲಭವಾಗಿ ನಂಬಲಾರನು.

ಈ ಭಾಷಣದ ಸಾರವನ್ನು ಎರಡು ಮಾತುಗಳಲ್ಲಿ ಹೇಳಬಹುದು. ‘ನನಗೆ ಚೆನ್ನಾಗಿ ಗೊತ್ತು, ನಾನು ನೇರವಾಗಿಯೇ ಇದ್ದೇನೆ’ ಎಂಬ ಭಾವನೆಯು ಮೋಡದೊಳಗೆ ಯಾವುದಕ್ಕೂ ಪ್ರಮಾಣವಲ್ಲ. ಅಲ್ಲಿ ಪ್ರಮಾಣವಾದುದು ಹೊರಗಿನ ಗೆರೆ, ಅಥವಾ ಅದರ ಬದಲಿಗೆ ನಿಂತ ಯಂತ್ರದ ಗೆರೆ. ಎರಡನೆಯದಾಗಿ, ಹಿಂದಿರುಗಿದ ವೈಮಾನಿಕನನ್ನು ನಾವು ಬರಮಾಡಿಕೊಳ್ಳುವ ರೀತಿಯೂ ಅವನ ರಕ್ಷಣೆಗೆ ಸೇರಿದುದು. ಸಣ್ಣ ವಿಮಾನದಲ್ಲಿಯಾಗಲಿ ಹೆಲಿಕಾಪ್ಟರಿನಲ್ಲಿಯಾಗಲಿ ಪ್ರಯಾಣಮಾಡುವ ಪ್ರಸಂಗವು ನಮ್ಮ ಕೇಳುಗರಲ್ಲಿ ಕೆಲವರಿಗೆ ಇಂದು ಒದಗುವುದುಂಟು. ‘ಮುಂದೆ ಮೋಡವಿದೆ, ಈ ದಿನ ಹೋಗಲಾಗದು’ ಎಂದು ಚಾಲಕನು ಹೇಳಿದರೆ, ಅವನನ್ನು ಒತ್ತಾಯಿಸದೆ, ಗಡಿಯಾರವನ್ನು ನೋಡದೆ, ಮನಸಾರೆ ವಂದಿಸಿ ರೈಲಿನ ಟಿಕೆಟನ್ನು ಕೊಳ್ಳುವುದು ಲೇಸು. ಮೋಡವು ನಾಳೆ ಚದರಬಹುದು, ನಾಳೆಯೂ ಹಾರಬಹುದು.